ಜಂಗಮ ಬೇಲಿ ಮೀಮಾಂಸೆ

ಬೇಲಿಯಲ್ಲಿ ಎರಡು ಬಗೆ: ಸ್ಥಾವರ, ಜಂಗಮ. ಹೊಲದ ಬದುವಿಗೆ ನೆಟ್ಟ ಕಲ್ಲು ಸ್ಥಾವರ. ಅದು ಕೋರ್ಟು ಕಚೇರಿಯ ವಿಷಯ, ನಮಗೆ ಬೇಡ. ಕ್ರಿಕೆಟ್ ಆಟದ ದಿನ ಬೆಳಿಗ್ಗೆ ಹುಟ್ಟಿ ಸಂಜೆಗೆ ಇಲ್ಲವಾಗುವ ಜಂಗಮ ಬೇಲಿಯೇ ಇಲ್ಲಿ ವಿಚಾರಾರ್ಹ.

ಈ ವಿದ್ಯೆಯ ಮೂಲಪೀಠ ಸುರಪುರ ಸೀಮೆಯ ಕೊಡೇಕಲ್. ಮುಂದಾಗುವುದಕ್ಕೆ ಕೊಡೇಕಲ್ ಬಸವಣ್ಣನ ಕಾಲಜ್ಞಾನವಿದೆ. ಹಿಂದಾದದ್ದಕ್ಕೆ ಊರಿನ ಬೂದಿದಿಬ್ಬವೇ ಗತಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಸುಟ್ಟು ಸುಟ್ಟು ಬೆಳೆಸಿದ ದಿಬ್ಬವದು. ಅದನ್ನು ಅಗೆದ ಪುರಾತತ್ವಜ್ಞ ಕೆ. ಪದ್ದಯ್ಯನವರು ಸುರಪುರ ದೋಆಬಿನ ನವಶಿಲಾಯುಗದ ಕುರಿತ ಗ್ರಂಥವನ್ನು 1973ರಲ್ಲಿ ಲೈಡನ್‌ನಿಂದ ಹೊರತಂದರು. ಅದಕ್ಕೂ ಮೊದಲೇ, 1957ರಲ್ಲಿ, ಎಫ್. ಆರ್. ಆಲ್ಚಿನ್ ಉತನೂರಿನ ಇಂಥದೇ ಬೂದಿದಿಬ್ಬದಲ್ಲಿ ದೊಡ್ಡಿಯ ಕಂಬ ನೆಟ್ಟ ಕುಳಿಗಳನ್ನೂ ದನದ ಗೊರಸಿನ ಗುರುತನ್ನೂ ಕಂಡಿದ್ದರು. ಸುತ್ತ ಬೇಲಿ, ನಡುವೆ ಓಡಾಡುವ ಜೀವಿಗಳು, ಆಚೆಗೆ ಕೂಗುವ ಜನ: ಇದು ಕ್ರಿಕೆಟ್ ಅಲ್ಲವೆಂದು ಈ ಇಬ್ಬರೂ ಎಲ್ಲಿಯೂ ಸಾಧಿಸಿಲ್ಲ. ಮೌನಂ ಸಮ್ಮತಿ ಲಕ್ಷಣಂ.

ಇನ್ನು ನಿರ್ಮಾಣ. ಗೂಟಕ್ಕೆ ಕುಳಿ ತೋಡಲು ಹಾರೆ ಬೇಕೆಂಬುದು ಪೂರ್ವಪಕ್ಷ. ಬೇಸಿಗೆಯ ಎರೆಭೂಮಿಯಲ್ಲಿ ಬಿರುಕು ಹುಡುಕಿದರೆ ಸಾಕೆಂಬುದು ಸಿದ್ಧಾಂತ. ಗೂಟದಿಂದ ಗೂಟಕ್ಕೆ ಕುರಿಗಾಹಿಗಳ ಬಲೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಲು ಕಟ್ಟಿ, ಬೆಳಗಾದರೆ ಸುತ್ತಿಕೊಂಡು ಹೊರಡುವ ಈ ಬಲೆಗಿಂತ ಮಿಗಿಲಾದ ಜಂಗಮ ಬೇಲಿಯನ್ನು ಯಾವ ಕಂಪನಿಯೂ ಮಾಡಿಲ್ಲ. ಬಲೆ ಕಡ ಸಿಗದಿದ್ದರೆ ಬಳ್ಳಾರಿ ಜಾಲಿಯ ಕಂಟಿ. ಇದರ ಗುಣ: ಆಡು ಒಳಗೆ ಬರುವುದಿಲ್ಲ. ದೋಷ: ಚೆಂಡು ತರಲು ಯಾರೂ ಹೊರಗೆ ಹೋಗುವುದಿಲ್ಲ.

ನಿಜವಾದ ತೊಡಕು, ಜಂಗಮ ಬೇಲಿ ಆಟದ ನಡುವೆಯೂ ಜಂಗಮವೇ. ಬ್ಯಾಟಿಂಗ್ ಪಕ್ಷದ ಹುಡುಗರು ಒರಗಿ ಕೂತ ನೆಪದಲ್ಲಿ ಅದು ಗೇಣು ಗೇಣಾಗಿ ಒಳಸರಿಯುತ್ತದೆ. ಕ್ರಿಕೆಟ್ಟಿನ 19ನೇ ನಿಯಮ ಸ್ಪಷ್ಟವಾಗಿದೆ: ಬೌಂಡರಿಯ ಗುರುತು ಕದಲಿದರೂ ಅದು ಮೊದಲಿದ್ದ ಜಾಗವೇ ಬೌಂಡರಿ. ಮೊದಲಿದ್ದ ಜಾಗ ಯಾವುದು? ಅಂಪೈರ್‌ಗಿರಿ ಇಲ್ಲಿಗೆ ಮುಗಿದು ಪುರಾತತ್ವ ಶುರುವಾಗುತ್ತದೆ.

"ಇಲ್ಲೇ ಇತ್ರೀ ಅಂಪೈರ್ ಸಾಹೇಬ್ರ, ಗೂಟದ ಕುಳಿ ಕಾಣವಲ್ದೇನು?"

"ಅದು ಕುಳಿ ಅಲ್ಲೋ ತಮ್ಮಾ, ಎಮ್ಮಿ ಕಾಲಿನ ಗುರ್ತು."

ಕುಳಿ, ಗೊರಸು ಎರಡೂ ಸಿಕ್ಕಿದ್ದು ಆಲ್ಚಿನ್‌ಗೆ ಕೀರ್ತಿ ತಂದಿತು. ಅಂಪೈರ್‌ಗೆ ಬೈಗುಳ ತರುತ್ತದೆ. ಎಮ್ಮೆಯನ್ನೇ ಕರೆತಂದು, ಆ ಗುಂಡಿಯಲ್ಲಿ ಕಾಲಿಡಿಸಿ ಅಳತೆ ನೋಡೋಣವೆಂಬ ಹಿರಿಯರ ಸಲಹೆ ಸಂಶೋಧನೆಯ ದೃಷ್ಟಿಯಿಂದ ಸ್ವಾಗತಾರ್ಹ. ಅದು ಒಳಗೆ ಬರಲು ಬೇಲಿ ಬಿಚ್ಚಬೇಕಾಗುತ್ತದೆ, ಅಷ್ಟೇ.