ಗಾಡಿಗೆ ಉಷ್ಣ ಆಗೇತಿ

ನಮ್ಮ ಓಣಿಯ ಕಾಕಾರ ಲೆಕ್ಕದಲ್ಲಿ ಜಗತ್ತಿನ ಎಲ್ಲ ಬ್ಯಾನಿಗೂ ಮೂಲ ಒಂದೇ: ಉಷ್ಣ. ಬಾಯಲ್ಲಿ ಹುಣ್ಣಾದರೆ ಉಷ್ಣ, ಕಣ್ಣು ಕೆಂಪಾದರೆ ಉಷ್ಣ, ಮೊಮ್ಮಗ ಪಿಯುಸಿಯಲ್ಲಿ ಡುಮ್ಕಿ ಹೊಡೆದರೂ ತಲೆಗೆ ಉಷ್ಣ ಏರಿದ್ದೇ ಕಾರಣ. ಅಂಥವರ ಎಕ್ಸ್‌ಎಲ್ ಸೂಪರ್ ಮೊಪೆಡ್ ಬಿಸಿಯಾದ ಮೇಲೆ ಕೆಮ್ಮಿ ಕೆಮ್ಮಿ ನಿಂತರೆ ಮೆಕ್ಯಾನಿಕ್ ಯಾತಕ್ಕೆ ಬೇಕು?

ಇಂಥವರು ನಮ್ಮ ಹಾವೇರಿಯಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡಿ. ರಾಣೇಬೆನ್ನೂರಿನ ಬೀಜದಂಗಡಿ ಕಟ್ಟೆಯ ಮೇಲೆ, ಬ್ಯಾಡಗಿ ಎಪಿಎಂಸಿ ಹೊರಗಿನ ಚಹಾದಂಗಡಿಯಲ್ಲಿ ಒಬ್ಬೊಬ್ಬರು ಕೂತೇ ಇರುತ್ತಾರೆ. ಗುರುತು ಸುಲಭ. ಅಂಗಿಯ ಮೇಲ್ಕಿಸೆಯಲ್ಲಿ ಪೆನ್ನು ಇರಬೇಕಾದಲ್ಲಿ ಹಳೇ ಪ್ಲಗ್ ಒಂದು, ಜೊತೆಗೆ ಮಡಿಸಿದ ಪಾಲಿಶ್ ಪೇಪರ್. ಗ್ಯಾರೇಜಿಗೆ ಹೋಗುವುದೆಂದರೆ ಇವರಿಗೆ ಪೊಲೀಸ್ ಸ್ಟೇಷನ್‌ಗೆ ಹೋದಷ್ಟು ಅವಮಾನ.

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಸೋಮವಾರ, ಗುರುವಾರ. ಚಳಿಗಾಲದಿಂದ ಹಿಡಿದು ಯುಗಾದಿಯವರೆಗೂ ಕಾಕಾ ಒಂದೊಂದು ಚೀಲ ಮುಂದಿಟ್ಟುಕೊಂಡು, ಹಿಂದೆ ನನ್ನನ್ನು ಕೂಡಿಸಿಕೊಂಡು ಹಾವೇರಿಯಿಂದ ಹೊರಡುವರು. ನನ್ನ ಕೆಲಸ ಚೀಲ ಇಳಿಸುವುದಲ್ಲ, ಗಾಡಿ ತಳ್ಳುವುದು. ಹೆದ್ದಾರಿಯಲ್ಲಿ ಚೆಂದ ಓಡುತ್ತಿದ್ದ ಗಾಡಿ ಮೋಟೆಬೆನ್ನೂರು ಸಮೀಪಿಸಿದಂತೆ ಸೊರಗುತ್ತಿತ್ತು. ಎಕ್ಸಲರೇಟರ್ ತಿರುವಿದಷ್ಟೂ ಬಾಡಿ, ಕೊನೆಗೆ ಬುಸ್ ಅಂದು ನಿಂತೇಬಿಡುತ್ತಿತ್ತು.

“ಉಷ್ಣ ಆಗೇತಿ,” ಎಂದು ಕಾಕಾ ಇಳಿಯುವರು. ಗಾಡಿಯನ್ನು ಬೇವಿನ ಮರದ ನೆರಳಿಗೆ ಹಾಕಿ, ಹೆಗಲ ಮೇಲಿನ ಟವೆಲ್ ತೋಯಿಸಿ ಎಂಜಿನ್ ಮೇಲೆ ಹೊದಿಸುವರು, ಜ್ವರ ಬಂದ ಕೂಸಿನ ಹಣೆಗೆ ತಣ್ಣೀರ ಪಟ್ಟಿ ಇಟ್ಟಂತೆ. (ನೀವು ಹೀಗೆ ಮಾಡಬೇಡಿ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಸೀಳು ಬಿಡಬಹುದು.) ಆಮೇಲೆ ಒಂದು ಚಹಾ, ಎರಡು ಎಲೆಅಡಿಕೆ, ಊರಿನ ರಾಜಕಾರಣ. ಕಾಲು ತಾಸು ಬಿಟ್ಟು ಕಿಕ್ ಹೊಡೆದರೆ ಗಾಡಿ ಶುರು!

“ನೋಡಿದ್ಯಾ? ಉಷ್ಣ ಇಳೀತು.”

ವಾದ ಮಾಡಲು ಜಾಗವೇ ಇಲ್ಲ. ಪ್ರತಿ ಸಲವೂ ಔಷಧ ಕೊಟ್ಟಿದ್ದಾರೆ, ಪ್ರತಿ ಸಲವೂ ರೋಗಿ ಎದ್ದು ಕೂತಿದ್ದಾನೆ.

ಪಥ್ಯವೂ ನಡೆದಿತ್ತು. ಎರಡು ಸ್ಟ್ರೋಕಿನ ಗಾಡಿಗೆ ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್ ಸಾಕು. ಕಾಕಾ “ತಂಪಿಗೆ ಇರಲಿ” ಎಂದು 40 ಹಾಕಿಸುತ್ತಿದ್ದರು. ನಮ್ಮ ಹಿಂದೆ ಬರುವವರಿಗೆ ಹೊಗೆಯಲ್ಲಿ ದಾರಿ ಕಾಣುತ್ತಿರಲಿಲ್ಲ, ಪ್ಲಗ್ಗಿಗೆ ಮಸಿ ಹಿಡಿಯುತ್ತಿತ್ತು, ಪಾಲಿಶ್ ಪೇಪರಿಗೆ ಕೆಲಸ ಸಿಗುತ್ತಿತ್ತು. ಒಮ್ಮೆ ಹರಳೆಣ್ಣೆಯನ್ನೇ ಹಾಕೋಣವೆಂದರು. ನಕ್ಕುಬಿಟ್ಟೆ. ಮನೆಗೆ ಹೋಗಿ ಓದಿದರೆ, 1914ರ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರಂತೆ! ಈ ಸಂಗತಿಯನ್ನು ಕಾಕಾರಿಗೆ ಇವತ್ತಿಗೂ ಹೇಳಿಲ್ಲ.

ಫುಲ್ ಟ್ಯಾಂಕ್ ಮಾಡಿಸಿದ ದಿನ ಗಾಡಿ ಇನ್ನೂ ಬೇಗ ನಿಲ್ಲುತ್ತಿತ್ತು. “ಹೊಟ್ಟಿ ಬಿರಿಯೂಹಂಗ ಉಂಡು ಓಡಾಕ ಹೋದ್ರ ನಿನಗರ ಆಗತೈತೇನು?” ಡಿಸೆಂಬರ್‌ನ ಥಂಡಿಯಲ್ಲೂ ನಿಂತಿತು. “ಒಳ ಉಷ್ಣ.” ಮೆಣಸಿನಕಾಯಿ ಘಾಟಿನ ಮೇಲೂ ಗುಮಾನಿ ಹೋಯಿತು. 2011ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಮೆಣಸಿನಕಾಯಿಯ ಹೆಸರು ಕೆಡುವುದನ್ನು ನೋಡಲಾಗದೆ, “ಕಾಕಾರ, ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ” ಎಂದೆ. ಕೂಡಲೇ ಅಪವಾದ ಪೆಟ್ರೋಲ್ ಕಡೆ ತಿರುಗಿತು.

“ಈಗಿನ ಪೆಟ್ರೋಲ್‌ನ್ಯಾಗ ಗೋವಿನಜೋಳದ ಸೆರೆ ಬೆರೆಸ್ಯಾರ. ಕುಡದ ಗಾಡಿ ನೆಟ್ಟಗ ಹೊಕ್ಕೈತೇನು?”

ಇದು ಪೂರ್ತಿ ಸುಳ್ಳಲ್ಲ. ಈಗ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಕಬ್ಬಿನದೂ ಇದೆ, ಗೋವಿನಜೋಳದ್ದೂ ಇದೆ. ಅದು ಕುದಿಯುವುದು 78 ಡಿಗ್ರಿಗೆ. ಸುಡು ಬಿಸಿಲಲ್ಲಿ ಕಾದ ಎಂಜಿನ್ನಿನ ಪಕ್ಕದ ಪೈಪಿನೊಳಗೇ ಆವಿಯಾಗಿ ಎಂಜಿನ್ನನ್ನು ಉಪವಾಸ ಕೆಡವಬಹುದು. ರಾಣೇಬೆನ್ನೂರಿನ ಬೀಗರು ಮಾತ್ರ ಬೇರೆ ರಾಗ ತೆಗೆದರು: ಇಗ್ನಿಷನ್ ಕಾಯಿಲ್ ಹೋಗಿದೆ, ಕಾದಾಗ ಒಳಗಿನ ತಂತಿ ಬಿಟ್ಟುಕೊಳ್ಳುತ್ತದೆ, ಆರಿದಾಗ ಕೂಡಿಕೊಳ್ಳುತ್ತದೆ. ಮಾತಿನಲ್ಲಿ ಹುರುಳಿತ್ತು. ಆದರೆ ಬೀಗರ ಮಾತನ್ನು ಒಪ್ಪುವ ಪದ್ಧತಿ ನಮ್ಮ ಕಡೆ ಇಲ್ಲ.

ಕಳೆದ ಮಾರ್ಚ್‌ನ ಒಂದು ಗುರುವಾರ ಗಾಡಿ ನಿಂತದ್ದು ಸರಿಯಾಗಿ ಒಂದು ಪಂಕ್ಚರ್ ಅಂಗಡಿಯ ಮುಂದೆ. ಹದಿನೇಳರ ಹುಡುಗ. ಕಾಕಾ ಟವೆಲ್ ತೋಯಿಸುವುದರೊಳಗೆ ಅವನು ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆಸಿದ. ಚಟ್ ಚಟ್ ಎಂದು ನೀಲಿ ಕಿಡಿ.

“ಕಾಯಿಲ್ ಬರೋಬ್ಬರಿ ಐತ್ರಿ,” ಎಂದವನೇ ಪ್ಲಗ್ ಮರಳಿ ಹಾಕಿ, ಟ್ಯಾಂಕಿನ ಮುಚ್ಚಳ ತಿರುವಿದ. ಒಳಗೆ ಫುಸ್ಸ್ ಎಂದು ಗಾಳಿ ನುಗ್ಗಿದ ಸದ್ದು. ತುಸು ಹೊತ್ತಿಗೇ ಕಿಕ್ ಹೊಡೆದ. ಎಂಜಿನ್ ಇನ್ನೂ ಕೈ ಇಡಲಾಗದಷ್ಟು ಕಾದಿತ್ತು, ಆದರೂ ಗಾಡಿ ಎದ್ದಿತು.

ಮುಚ್ಚಳ ಬೋರಲು ಹಾಕಿದ. ಅದಕ್ಕೆ ಅಂಟಿಕೊಂಡು ಒಂದು ಹಾಲಿನ ಪಾಕೀಟಿನ ತುಂಡು.

ಮುಚ್ಚಳದ ವಾಯ್ಸರ್ ಒಣಗಿ ಪೆಟ್ರೋಲ್ ತುಳುಕಿ ಧೋತರಕ್ಕೆ ಬೀಳುತ್ತದೆಂದು ಸ್ವತಃ ಕಾಕಾರೇ ದೀಪಾವಳಿ ಸುಮಾರಿಗೆ ಹಾಕಿದ್ದು. ಎಂಜಿನ್ ಕುಡಿದಷ್ಟು ಪೆಟ್ರೋಲಿನ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ತೂತು. ಅದು ಮುಚ್ಚಿದರೆ ಟ್ಯಾಂಕಿನೊಳಗೆ ಗಾಳಿ ತೆಳುವಾಗಿ ಪೆಟ್ರೋಲ್ ಕೆಳಗಿಳಿಯದೆ ಜೋತು ಬೀಳುತ್ತದೆ. ಟ್ಯಾಂಕ್ ತುಂಬಿದ್ದರೆ ಒಳಗಿನ ಗಾಳಿಯೇ ಕಡಿಮೆ, ಹಾಗಾಗಿ ಇನ್ನೂ ಬೇಗ. ನಾವು ಚಹಾ ಕುಡಿಯುವಷ್ಟರಲ್ಲಿ ಸಂದಿಯಿಂದ ಗಾಳಿ ನುಸುಳುತ್ತಿತ್ತು. ನಾಲ್ಕು ತಿಂಗಳು ಟವೆಲ್‌ಗೆ ಸಂದ ಕೀರ್ತಿಯೆಲ್ಲ ಆ ಸಂದಿಯದು.

ಹುಡುಗ ಹತ್ತು ರೂಪಾಯಿಯ ವಾಯ್ಸರ್ ಹಾಕಿ, ಸೂಜಿಯಿಂದ ತೂತು ಬಿಡಿಸಿ ಕೊಟ್ಟ. ಕಾಕಾ ಒಂದು ಎಲೆಅಡಿಕೆ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಉಗುಳಿ ಬಂದು ಹೇಳಿದರು:

“ಅಂದ್ರ ಉಸಿರು ಕಟ್ಟಿತ್ತು. ಉಸಿರು ಕಟ್ಟಿದ್ರ ಉಷ್ಣ ಆಗೂದs ಅಲ್ಲೇನೋ ತಮ್ಮಾ?”

ಈಗ ಗಾಡಿ ಬ್ಯಾಡಗಿಯವರೆಗೆ ಎಲ್ಲೂ ನಿಲ್ಲುವುದಿಲ್ಲ, ನಿಲ್ಲಿಸುವವರು ಕಾಕಾ. ಹೆದ್ದಾರಿಯಲ್ಲಿ ಯಾರ ಗಾಡಿ ಕೆಟ್ಟು ನಿಂತಿದ್ದು ಕಂಡರೂ ಇಳಿದು ಹೋಗಿ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯುತ್ತಾರೆ. ನಿಮ್ಮದು ಪಂಕ್ಚರ್ ಆಗಿ ನಿಂತಿದ್ದರೂ ತೆಗೆಯುತ್ತಾರೆ, ಸುಮ್ಮನೆ ತೆಗೆಯಗೊಡಿ.