ನೀಡ್‌ಫುಲ್ ಮೀಮಾಂಸೆ

ಇಂಗ್ಲಿಷಿನಲ್ಲಿ ನುಡಿಗಟ್ಟುಗಳಿಗೇನು ಬರವೇ? ಆದರೆ ನಮ್ಮ ದೇಶದಲ್ಲಿ ಹುಟ್ಟಿ ಅರ್ಜಿ ಬರೆಯುವ ವಯಸ್ಸು ತಲುಪಿದವರು ಒಮ್ಮೆಯಾದರೂ ಬರೆದೇ ತೀರುವ ನುಡಿಗಟ್ಟು ಒಂದೇ: ‘ಪ್ಲೀಸ್ ಡೂ ದಿ ನೀಡ್‌ಫುಲ್’. ಇದರ ಸಾಧುಪ್ರಯೋಗದ ಕಡೆಗೆ ನಮ್ಮ ಪಂಡಿತರು ಗಮನ ಕೊಡದಿರುವುದು ವಿಷಾದದ ಸಂಗತಿ. ಕೇಶಿರಾಜನನ್ನು ದೂರುವಂತಿಲ್ಲ. 13ನೇ ಶತಮಾನದಲ್ಲಿ ಅವನು ‘ಶಬ್ದಮಣಿದರ್ಪಣ’ ರಚಿಸುವಾಗ ಟಪಾಲು ಶಾಖೆ ಇರಲಿಲ್ಲ. ಅವನ ಸೂತ್ರ, ವೃತ್ತಿ, ಪ್ರಯೋಗಗಳ ಪದ್ಧತಿಯನ್ನು ಇಲ್ಲಿ ಸಾಧ್ಯವಾದಷ್ಟು ಅನುಸರಿಸಲಾಗಿದೆ. ಯಾರು ಅನುಸರಿಸಿದರು ಎಂದು ಯಾರೂ ಕೇಳಬಾರದು. ‘ಲಾಗಿದೆ’ ಎಂಬುದರ ಮಹಿಮೆ ಮುಂದೆ ಬರುತ್ತದೆ.

ಮೊದಲು ವ್ಯುತ್ಪತ್ತಿ. ಇದರಲ್ಲಿ ಎರಡು ಪಂಥಗಳುಂಟು. ಆಂಗ್ಲ ಪಂಥದವರ ಪ್ರಕಾರ ‘ನೀಡ್‌ಫುಲ್’ ಮೂಲತಃ ಗುಣವಾಚಕ, ‘ಅಗತ್ಯವಾದ’ ಎಂದರ್ಥ. ಹಿಂದೆ ‘ದಿ’ ಸೇರಿದೊಡನೆ ಅದು ನಾಮಪದವಾಗಿ ‘ಅಗತ್ಯವಾದದ್ದು’ ಎಂದಾಯಿತು. ಇಲಾಖಾ ಪರೀಕ್ಷೆ ಬರೆಯದೆ ಬಡ್ತಿ ಸಿಕ್ಕ ಪದ ಇದೊಂದೇ ಇರಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ನುಡಿಗಟ್ಟು ಅಲ್ಲಿ ಹಳತಾಗಿ ಮೂಲೆ ಸೇರಿತು. ಇಲ್ಲಿ ಮಾತ್ರ ಸೇವೆಯಿಂದ ನಿವೃತ್ತಿಯಾಗಲೇ ಇಲ್ಲ.

ದೇಸೀ ಪಂಥದವರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಇದು ನೀಡು + ಫುಲ್, ಅಂದರೆ ‘ಪೂರ್ತಿ ಕೊಡು’. ‘ನೀಡು’ ಎಂಬುದಕ್ಕೆ ಕೊಡು ಎಂಬುದರ ಜೊತೆಗೆ ಚಾಚು ಎಂಬ ಅರ್ಥವೂ ಇರುವುದರಿಂದ, ಮೇಜಿನ ಆಚೆ ಕೂತವರಿಗೂ ಈಚೆ ನಿಂತವರಿಗೂ ಒಂದೇ ಧಾತು ಸಾಕಾಗುತ್ತದೆ. ವೈಯಾಕರಣರ ಆಕ್ಷೇಪ ಹೀಗಿದೆ: ಲೋಪಸಂಧಿಯಾಗಬೇಕಾದರೆ ಮುಂದೆ ಸ್ವರ ಬರಬೇಕು, ‘ಫುಲ್’ ವ್ಯಂಜನದಿಂದ ಶುರುವಾಗುತ್ತದೆ, ಹಾಗಿರುವಾಗ ‘ನೀಡು’ವಿನ ಉಕಾರ ಎಲ್ಲಿ ಹೋಯಿತು? ಸಮಾಧಾನ: ಕೊಟ್ಟಿದ್ದರಲ್ಲಿ ನಡುವೆ ಒಂದಿಷ್ಟು ಲೋಪವಾಗುವುದಕ್ಕೆ ಕಚೇರಿಗಳಲ್ಲಿ ಅಂಥ ಷರತ್ತುಗಳಿಲ್ಲ.

ಇನ್ನು ಶಬ್ದಶಕ್ತಿ. ಅಭಿಧಾ, ಲಕ್ಷಣಾ, ವ್ಯಂಜನಾ ಎಂದು ಆಲಂಕಾರಿಕರು ಹೇಳುವ ಮೂರು ಶಕ್ತಿಗಳೂ ಒಂದೇ ಪದದಲ್ಲಿ ಒಟ್ಟಿಗೆ ದುಡಿಯುವುದು ಮಹಾಕವಿಗಳಲ್ಲೂ ಅಪರೂಪ. ಅರ್ಜಿದಾರರಲ್ಲಿ ಅದು ದಿನನಿತ್ಯದ ಮಾತು. ಅಭಿಧೆಯಲ್ಲಿ ‘ಆಗಬೇಕಾದ್ದನ್ನು ಮಾಡಿ’ ಎಂದು. ಲಕ್ಷಣೆಯಲ್ಲಿ, ಗಂಗೆಯಲ್ಲಿ ಹಳ್ಳಿ ಎಂದರೆ ಗಂಗೆಯ ದಡದಲ್ಲಿ ಹಳ್ಳಿ ಎಂದು ತಿಳಿಯುವಂತೆ, ‘ಮಾಡಿ’ ಎಂದರೆ ‘ಮಾಡುವವರಿಗೆ ಕಳಿಸಿ’ ಎಂದು. ವ್ಯಂಜನೆಯ ವಿಷಯಕ್ಕೆ ಬಂದರೆ ನಿಘಂಟೇ ಸಾಕ್ಷಿ ನುಡಿಯುತ್ತದೆ. ಇಂಗ್ಲಿಷರ ಆಡುಮಾತಿನಲ್ಲಿ ‘ದಿ ನೀಡ್‌ಫುಲ್’ ಎಂದರೆ ಕಾಸು! 18ನೇ ಶತಮಾನದಿಂದಲೇ ಆ ಅರ್ಥವಿದೆ. ನಾವೇನೂ ಸೇರಿಸಿದ್ದಲ್ಲ. ಮುಗ್ಧ ಅರ್ಜಿದಾರ ಅಭಿಧೆಯಲ್ಲಿ ಬರೆದದ್ದನ್ನು ಒಬ್ಬ ಗುಮಾಸ್ತ ವ್ಯಂಜನೆಯಲ್ಲಿ ಓದಿಕೊಂಡರೆ ಅವನನ್ನು ರಸಿಕನೆನ್ನಬೇಕೋ ಭ್ರಷ್ಟನೆನ್ನಬೇಕೋ ಎಂಬುದು ಕಾವ್ಯಮೀಮಾಂಸೆಗೂ ಲೋಕಾಯುಕ್ತಕ್ಕೂ ಸೇರಿದ ಪ್ರಶ್ನೆ.

ಇಷ್ಟಾದ ಮೇಲೆ ಸೂತ್ರ: ಬರೆದವನಿಗೆ ತಿಳಿಯದ, ಓದಿದವನಿಗೆ ಬೇಡದ, ಆದರೂ ಆಗಲೇಬೇಕಾದ ಕಾರ್ಯವೇ ನೀಡ್‌ಫುಲ್.

ವೃತ್ತಿ: ಇಲ್ಲಿ ಕರ್ತೃವಿಲ್ಲ, ಕರ್ಮವಿಲ್ಲ, ಕ್ರಿಯಾಪದವೊಂದೇ ಬರಿಗಾಲಲ್ಲಿ ನಿಂತಿದೆ. ‘ಮಾಡಿ’ ಎಂದೊಡನೆ ‘ಏನನ್ನು?’ ಎಂಬ ಆಕಾಂಕ್ಷೆ ಹುಟ್ಟಬೇಕು, ಅದು ತೀರದಿದ್ದರೆ ವಾಕ್ಯವೇ ಅಲ್ಲ ಎಂದು ಮೀಮಾಂಸಕರು ಹಟ ಹಿಡಿಯುತ್ತಾರೆ. ಅವರು ಕಚೇರಿ ಕಂಡವರಲ್ಲ. ಇಲ್ಲಿ ಆಕಾಂಕ್ಷೆಯಿರುವುದು ಅರ್ಜಿದಾರನಿಗೆ ಮಾತ್ರ.

ಕನ್ನಡಕ್ಕೆ ಇದು ಹೇಗೆ ಇಳಿಯಿತೆಂಬುದನ್ನೂ ನೋಡಬೇಕು. ಮೈಸೂರು ಸೀಮೆ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಅರ್ಜಿ, ತಗಾದೆ, ಶಿರಸ್ತೇದಾರ, ತಹಶೀಲ್ದಾರ ಎಂದು ಪಾರ್ಸಿಯಿಂದ ಬಂದಿದ್ದ ಕಚೇರಿ ಮಾತುಗಳ ಪಕ್ಕದಲ್ಲಿ ಇಂಗ್ಲಿಷ್ ಪತ್ರಗಳ ವಿನಯವೂ ಬಂದು ಕುರ್ಚಿ ಹಿಡಿಯಿತು. 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದಾಗ ನೀಡ್‌ಫುಲ್‌ಗೇನೂ ಧಕ್ಕೆಯಾಗಲಿಲ್ಲ. ಅದು ‘ಸೂಕ್ತ ಕ್ರಮ’ ಎಂದು ಹೆಸರು ಬದಲಾಯಿಸಿಕೊಂಡು ಅದೇ ಮೇಜಿನಲ್ಲಿ ಮುಂದುವರಿಯಿತು. ಅದಕ್ಕೆ ಜೋಡಿಯಾಗಿ ಸಿಕ್ಕಿದ್ದು ಕರ್ಮಣಿ ಪ್ರಯೋಗ: ಪರಿಶೀಲಿಸಲಾಗಿದೆ, ಗಮನಕ್ಕೆ ತರಲಾಗಿದೆ, ಕ್ರಮ ಕೈಗೊಳ್ಳಲಾಗುವುದು. ಆಡುಗನ್ನಡದಲ್ಲಿ ಯಾರೂ ‘ಊಟ ಮಾಡಲಾಗಿದೆ’ ಎನ್ನುವುದಿಲ್ಲ. ಊಟ ಮಾಡಿದವನು ಯಾರೆಂದು ಗೊತ್ತಿರುತ್ತದೆ.

ಪ್ರಯೋಗ. ಬೀದಿದೀಪ ಕೆಟ್ಟಿದೆ ಎಂದಿಟ್ಟುಕೊಳ್ಳಿ. ‘ಮೂರನೇ ಅಡ್ಡರಸ್ತೆಯ ಮೂಲೆ ಕಂಬದ ಬಲ್ಬು ಹೋಗಿದೆ, ಬದಲಾಯಿಸಿ’ ಎಂಬುದು ಅಸಾಧು. ಇಂಥ ಬೆತ್ತಲೆ ವಾಕ್ಯ ಕಂಡರೆ ಕಚೇರಿ ನಾಚಿಕೊಳ್ಳುತ್ತದೆ. ಬದಲಾಯಿಸಬೇಕು, ಇಲ್ಲವೇ ಬಲ್ಬು ಸ್ಟಾಕಿಲ್ಲವೆಂದು ಒಪ್ಪಿಕೊಳ್ಳಬೇಕು. ಸಾಧುರೂಪ ಹೀಗಿದೆ: ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಬೀದಿಯ ದೀಪದ ಸಮಸ್ಯೆಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿದೆ.’

ಈಗ ಕಾಗದದ ಎಡ ಅಂಚನ್ನು ಗಮನಿಸಿ. ನೇರಳೆ ಶಾಯಿಯ ಸ್ವೀಕೃತಿ ಮೊಹರು ಸೊಟ್ಟಗೆ ಬೀಳುತ್ತದೆ. ಅದರ ಕೆಳಗೆ ಹಸಿರು ಶಾಯಿಯಲ್ಲಿ ‘ಎಇಇ, ಕ್ರಮ ವಹಿಸಿ’. ಅದರ ಕೆಳಗೆ ನೀಲಿಯಲ್ಲಿ ‘ಎಇ, ಪರಿಶೀಲಿಸಿ’. ಇನ್ನೂ ಕೆಳಗೆ, ಜಾಗ ಸಾಲದೆ ಮೇಲಕ್ಕೆ ಡೊಂಕಾದ ಅಕ್ಷರಗಳಲ್ಲಿ, ‘ಕಂಬ ವಿದ್ಯುತ್ ಕಂಪನಿಯದು, ಅವರಿಗೆ ಬರೆಯಿರಿ’. ಅಲ್ಲಿಂದ ಬರುವ ಉತ್ತರ: ‘ಕಂಬ ನಮ್ಮದು, ದೀಪ ನಗರಸಭೆಯದು, ಸೂಕ್ತ ಕ್ರಮಕ್ಕಾಗಿ ಹಿಂದಿರುಗಿಸಿದೆ.’ ಎರಡೂ ನಿಜವೇ. ಅಷ್ಟು ಹೊತ್ತಿಗೆ ಅರ್ಜಿ ಕಡತವಾಗಿ, ಕಡತಕ್ಕೆ ಕೆಂಪು ದಾರ ಬಿದ್ದು, ಅರ್ಜಿದಾರ ಖುದ್ದಾಗಿ ಹಾಜರಾಗುತ್ತಾನೆ.

“ಸಾರ್, ನಮ್ಮದೊಂದು ಅರ್ಜಿ ಇತ್ತು.”

“ಯಾವುದ್ರೀ?”

“ಬೀದಿದೀಪದ್ದು ಸಾರ್.”

“ಅದಾ? ಅದರ ಮೇಲೆ ಕ್ರಮ ಆಗಿದೆಯಲ್ಲ!”

“ದೀಪ ಉರೀತಿಲ್ಲ ಸಾರ್.”

“ದೀಪದ ವಿಷಯ ಬೇರೆ ಕಣ್ರೀ. ಕ್ರಮ ಆಗಿದೆ. ಇಲ್ನೋಡಿ, ಸಾಹೇಬ್ರ ಸಹಿ.”

ಹಳೆ ಮೈಸೂರು ಕಡೆಯವರಾದರೆ ಇಲ್ಲಿ ‘ಒಸಿ ನೋಡ್ಕೊಳಿ ಸಾರ್’ ಎನ್ನುತ್ತಾರೆ, ಧಾರವಾಡದ ಕಡೆಯವರು ‘ಸ್ವಲ್ಪ ನೋಡ್ರಿ ಸಾಹೇಬ್ರ’ ಎನ್ನುತ್ತಾರೆ. ನೀಡ್‌ಫುಲ್‌ನ ಅಚ್ಚಗನ್ನಡ ತದ್ಭವಗಳು ಇವೇ ಎಂದು ನನ್ನ ಖಚಿತ ಅಭಿಪ್ರಾಯ. ಏನನ್ನು ನೋಡಬೇಕೆಂದು ಇವುಗಳಲ್ಲೂ ಹೇಳಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಶಾಖೆಯ ಪ್ರಯೋಗದಲ್ಲಿ ನೀಡ್‌ಫುಲ್ ಒಂಟಿಯಾಗಿ ತಿರುಗುವುದಿಲ್ಲ. ‘ಡೂ ದಿ ನೀಡ್‌ಫುಲ್ ಅಂಡ್ ರಿವರ್ಟ್’ ಎಂದೇ ಬರುತ್ತದೆ. ನಮ್ಮಲ್ಲಿ ‘ರಿವರ್ಟ್’ ಎಂದರೆ ಉತ್ತರ ಬರೆ ಎಂದು. ಹಿಂದಿನ ಸ್ಥಿತಿಗೆ ಮರಳು ಎಂದು ಅಮೆರಿಕದವರು ತಿಳಿದಿದ್ದಾರೆ. ಅವರ ಅರ್ಥದಲ್ಲಿ ಈ ಆಜ್ಞೆಯನ್ನು ಪಾಲಿಸಿದರೆ, ಮಾಡಿದ್ದನ್ನೆಲ್ಲ ಅಳಿಸಿ ಮೊದಲಿದ್ದ ಹಾಗೆ ಇಡಬೇಕಾಗುತ್ತದೆ. ಹಾಗೆ ನೋಡಿದರೆ ನಗರಸಭೆಯವರೇ ಇದನ್ನು ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದಾರೆ. ಇಂಥ ಮೇಲುಗಳು ಸಾಮಾನ್ಯವಾಗಿ ಶುಕ್ರವಾರ ಸಂಜೆ ಹೊರಡುತ್ತವೆ. ಕಳಿಸಿದವನು ಮನೆಗೆ ಹೋಗುವ ದಾರಿಯಲ್ಲಿರುತ್ತಾನೆ, ನೀಡ್‌ಫುಲ್ ಇನ್ನೊಬ್ಬನ ಶನಿವಾರದ ಮೇಲೆ ಕೂತಿರುತ್ತದೆ.

ಅಪವಾದ ಸೂತ್ರವೊಂದನ್ನು ಹೇಳದೆ ಶಾಸ್ತ್ರ ಪೂರ್ಣವಾಗದು. 2011ರ ಸೇವಾ ಖಾತರಿ ಕಾಯ್ದೆಯ ಮೇಲೆ 2012ರಲ್ಲಿ ಶುರುವಾದ ‘ಸಕಾಲ’ ಯೋಜನೆಯಲ್ಲಿ ನೀಡ್‌ಫುಲ್ ನಡೆಯುವುದಿಲ್ಲ. ಅಲ್ಲಿ ಸೇವೆಗಳ ಪಟ್ಟಿಯಿದೆ, ಪ್ರತಿ ಸೇವೆಗೂ ದಿನಗಳ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆದರೆ ಜಾತಿ ಪ್ರಮಾಣಪತ್ರವೋ ಆದಾಯ ಪ್ರಮಾಣಪತ್ರವೋ, ಏನು ಬೇಕೆಂದು ಹೆಸರು ಹಿಡಿದು ಹೇಳಬೇಕು. ‘ಸೂಕ್ತ ಕ್ರಮ’ ಎಂಬ ಸೇವೆ ಆ ಪಟ್ಟಿಯಲ್ಲಿಲ್ಲ. ಅರ್ಜಿ ಬರೆಯುವವರು ಇದನ್ನು ಗಮನಿಸಿ, ಬೀದಿದೀಪದ ವಿಷಯದಲ್ಲೂ ಕಂಬದ ನಂಬರು ಬರೆಯುವುದನ್ನು ಮರೆಯಬಾರದಾಗಿ ಕೋರಲಾಗಿದೆ.