ಕರಿ ಬೆಲ್ಟಿನ ಕಲಿಗಳು

ವೈಟ್‌ಫೀಲ್ಡಿನಲ್ಲಿ ಬ್ಲ್ಯಾಕ್ ಬೆಲ್ಟ್‌ಗಳಿಗೆ ಬರವಿಲ್ಲ. ಐಟಿಪಿಎಲ್ ಗೇಟಿನೆದುರು ಕಣ್ಮುಚ್ಚಿ ಕಲ್ಲೆಸೆದರೆ ಒಬ್ಬನಿಗಾದರೂ ತಾಗುತ್ತದೆ. ತಾಗಿದವನು ತಿರುಗಿ ಹೊಡೆಯುವುದಿಲ್ಲ, ಎಚ್‌ಆರ್‌ಗೆ ಮೇಲ್ ಹಾಕುತ್ತಾನೆ.

ಏಕೆಂದರೆ ಇದು ಕರಾಟೆಯ ಬೆಲ್ಟಲ್ಲ, ಸಿಕ್ಸ್ ಸಿಗ್ಮಾದ್ದು. 1986ರಲ್ಲಿ ಅಮೆರಿಕದ ಮೊಟೊರೋಲಾದಲ್ಲಿ ಹುಟ್ಟಿದ ಈ ವಿದ್ಯೆಯ ಗುರಿ, ಹತ್ತು ಲಕ್ಷ ಅವಕಾಶಕ್ಕೆ 3.4 ತಪ್ಪು. ಹಳದಿ, ಹಸಿರು, ಕಪ್ಪು ಎಂದು ಏರುತ್ತಾ ಹೋಗಬೇಕು. ಏರಲು ಬೇಕಾದ್ದು ಪ್ರೊಜೆಕ್ಟರು, ಸ್ಲೈಡು, ನಡುವೆ ಸಮೋಸ, ಕೊನೆಗೊಂದು ಪರೀಕ್ಷೆ. ಫೀಸು ತೆಗೆದುಕೊಂಡವನೇ ಬೆಲ್ಟನ್ನೂ ಕೊಡುವ ಅಖಾಡದಲ್ಲಿ ಸೋಲುವುದಕ್ಕೆ ವಿಶೇಷ ಪ್ರತಿಭೆ ಬೇಕು.

ಪಕ್ಕದ ಸೀಟಿನಲ್ಲಿ ನಿಂಜಾ ಇರುತ್ತಾನೆ. ತಮಾಷೆಯಲ್ಲ. ಟಿಸಿಎಸ್ ಹೊಸಬರನ್ನು ಸೇರಿಸಿಕೊಳ್ಳುವ ಒಂದು ದರ್ಜೆಯ ಹೆಸರೇ ನಿಂಜಾ, ಸಂಬಳ ವರ್ಷಕ್ಕೆ ಸುಮಾರು 3.36 ಲಕ್ಷ. ಜಪಾನಿನ ನಿಂಜಾ ಕೋಟೆಗೋಡೆ ಹಾರುತ್ತಿದ್ದ. ನಮ್ಮವನು ಈ ಸಂಬಳದಲ್ಲಿ ಪಿಜಿ ಬಾಡಿಗೆ, ಊಟ, ಊರಿಗೆ ಕಳಿಸುವ ದುಡ್ಡು ಎಲ್ಲವನ್ನೂ ಹಾರಿ ತಿಂಗಳ ಕೊನೆಯ ದಡ ಮುಟ್ಟಬೇಕು. ಆ ಮಟ್ಟಿಗೆ ಹೆಸರು ಸಾರ್ಥಕ.

ಮಾತೆಲ್ಲ ಯುದ್ಧದ್ದೇ: ಸರ್ವರ್ ನಿಂತರೆ ವಾರ್ ರೂಮ್, ಹೊಸಬರಿಗೆ ಬೂಟ್ ಕ್ಯಾಂಪ್. ಅಸಲಿ ಕಾಳಗ ಬೇರೆಯೇ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ತಲೆ ಬೋಳಿಸಿಕೊಂಡು ವಜ್ರಮುಷ್ಟಿಗೆ ಇಳಿಯುತ್ತಾರೆ. ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಎಲೆಕ್ಟ್ರಾನಿಕ್ ಸಿಟಿಯ ವೀರರಿಂದಲೂ ರಕ್ತ ಹರಿಯುವುದುಂಟು, ರಕ್ತದಾನ ಶಿಬಿರದಲ್ಲಿ. ಆಮೇಲೆ ಮಾವಿನ ಜ್ಯೂಸು, ಬಿಸ್ಕತ್ತು, ಸೆಲ್ಫಿ.

2022ರ ಸೆಪ್ಟೆಂಬರಿನಲ್ಲಿ ಅಸಲಿ ಶತ್ರು ಬಂದಿಳಿದ. ಮಳೆ. ಯಮಲೂರು ಮುಳುಗಿತು, ಹೊರವರ್ತುಲ ರಸ್ತೆ ಹೊಳೆಯಾಯಿತು. ರಿಸ್ಕ್ ಮ್ಯಾನೇಜ್‌ಮೆಂಟಿನ ಸರ್ಟಿಫಿಕೇಟು ಗೋಡೆಗೆ ತೂಗುಹಾಕಿದ್ದವರೆಲ್ಲ ಲ್ಯಾಪ್‌ಟಾಪ್ ಬ್ಯಾಗು ಅಪ್ಪಿಕೊಂಡು ಟ್ರ್ಯಾಕ್ಟರ್ ಹತ್ತಿದರು, ತಲೆಗೆ 50 ರೂಪಾಯಿ. ಓಡಿಸುತ್ತಿದ್ದವನಿಗೆ ಯಾವ ಬಣ್ಣದ ಬೆಲ್ಟೂ ಇರಲಿಲ್ಲ, ಸೀಟ್ ಬೆಲ್ಟ್ ಕೂಡ. ಅದಕ್ಕೂ ಮುಂಚೆ, ಆಗಸ್ಟ್ 30ರ ಮಳೆಗೆ ಒಂದೇ ದಿನ 225 ಕೋಟಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದಿತ್ತು. ಕಲಿತ ವಿದ್ಯೆ ಲೆಕ್ಕ ಹಾಕುವಾಗಲಾದರೂ ಕೈಕೊಡಲಿಲ್ಲವಲ್ಲ.

ಉತ್ತರನ ಪೌರುಷ ಒಲೆ ಮುಂದೆ ಎಂದು ಇಷ್ಟು ವರ್ಷ ನಕ್ಕಿದ್ದೇವೆ. ಪಾಪ, ಅವನು ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ, ಎಲ್ಲರೆದುರೇ ಓಡಿದ. ನಮ್ಮವರು ಓಡುವ ಮುಂಚೆ ‘ಲರ್ನಿಂಗ್ಸ್’ ಎಂದೊಂದು ಸ್ಲೈಡು ಮಾಡುತ್ತಾರೆ.

ರಣರಂಗದ ಮುಖವನ್ನೇ ಕಾಣದೆ ಬಿದ್ದವರೂ ಇದ್ದಾರೆ, ಅವರನ್ನು ನೋಡಿ ನಗು ಬರುವುದಿಲ್ಲ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೈನಿಗಳು ಮನೆ ದಾರಿ ಹಿಡಿದರು. ಮೂರು ಅವಕಾಶ ಕೊಟ್ಟರೂ ಪಾಸಾಗಲಿಲ್ಲ ಎಂದಿತು ಕಂಪನಿ. ಅವರಲ್ಲಿ ಅನೇಕರು 2022ರಲ್ಲೇ ಆಫರ್ ಲೆಟರ್ ಪಡೆದು ಎರಡು ವರ್ಷ ಕಾದಿದ್ದವರು. ಶತ್ರು ಯಾರೆಂದು ತಿಳಿಯುವ ಮೊದಲೇ, ತಾಲೀಮಿನಲ್ಲೇ ವೀರಮರಣ.

ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ ಮಾತ್ರ ಯಾರೂ ಯಾರನ್ನೂ ಯೋಧ ಎನ್ನುವುದಿಲ್ಲ. ಐಟಿಐಯಲ್ಲಿ ಕಬ್ಬಿಣದ ತುಂಡಿಗೆ ಅರ ತಿಕ್ಕಿ ತಿಕ್ಕಿ ಅಂಗೈ ಬೊಬ್ಬೆ ಬರಿಸಿಕೊಂಡ ಹುಡುಗ ಸರ್ಟಿಫಿಕೇಟು ಹಿಡಿದು ಶೆಡ್ಡಿಗೆ ಬರುತ್ತಾನೆ ಎನ್ನಿ. ಮೇಸ್ತ್ರಿ ಅದರ ಕಡೆ ಕಣ್ಣೂ ಹಾಯಿಸುವುದಿಲ್ಲ.

“ಇಲ್ಲೀವರೆಗೂ ಎಷ್ಟು ಪೀಸ್ ಹಾಳ್ ಮಾಡಿದ್ದೀಯೋ?”

“ಒಂದೂ ಇಲ್ಲ ಸಾರ್.”

“ಹಂಗಾದ್ರೆ ಲೇತ್ ಮೇಲೆ ಕೆಲ್ಸಾನೇ ಮಾಡಿಲ್ಲ ಅನ್ನು.”

ಮಧ್ಯಾಹ್ನದೊಳಗೆ ಟೂಲ್ ಮುರಿಯುತ್ತದೆ, ಅಳತೆ ತಪ್ಪುತ್ತದೆ, ಪೀಸು ಸ್ಕ್ರ್ಯಾಪ್ ಡಬ್ಬಿಗೆ ಬೀಳುತ್ತದೆ. ಹುಡುಗ ಬೆವರುತ್ತಾನೆ.

“ಇವತ್ತಿಂದು ಓನರ್ ಲೆಕ್ಕ,” ಎನ್ನುತ್ತಾನೆ ಮೇಸ್ತ್ರಿ. “ನಾಳೆಯಿಂದ ನಿನ್ನ ಲೆಕ್ಕ. ಹೋಗು, ಇನ್ನೊಂದು ರಾಡ್ ತಗೊಂಡ್ ಬಾ.”